ಉತ್ತರಕುಮಾರನ ಪರವಾಗಿ

ಗೋಗ್ರಹಣದ ಯಕ್ಷಗಾನ ನೋಡಿದವರಿಗೆ ಗೊತ್ತು, ಉತ್ತರಕುಮಾರ ರಂಗಕ್ಕೆ ಬಂದನೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಅಪ್ಪ ವಿರಾಟರಾಯ ತ್ರಿಗರ್ತರನ್ನು ಎದುರಿಸಲು ದಕ್ಷಿಣಕ್ಕೆ ಹೋಗಿದ್ದಾನೆ. ಇತ್ತ ಕೌರವರು ಬಂದು ಉತ್ತರದ ದನಗಳನ್ನು ಹೊಡೆದುಕೊಂಡು ಹೊರಟಿದ್ದಾರೆ. ಗೋವಳ ಓಡಿಬಂದು ಸುದ್ದಿ ಹೇಳಿದರೆ ಈ ಹುಡುಗ ಅಂತಃಪುರದ ಹೆಂಗಸರ ನಡುವೆ ಮೀಸೆ ತಿರುವುತ್ತಾನೆ. ಭೀಷ್ಮನೋ ದ್ರೋಣನೋ, ಯಾರಾದರೇನು, ಒಬ್ಬ ಒಳ್ಳೆಯ ಸಾರಥಿ ಸಿಕ್ಕಿದರೆ ನೋಡಿ ಎನ್ನುತ್ತಾನೆ. ಸಾರಥಿಯೂ ಸಿಗುತ್ತಾನೆ. ಆಮೇಲೆ ಕಡಲಿನಂಥ ಸೇನೆ ಕಣ್ಣಿಗೆ ಬೀಳುತ್ತದೆ. ರಥದಿಂದ ಧುಮುಕಿ ಓಟ. ಹಿಂದೆಯೇ ಜಡೆ ಹಾರಿಸಿಕೊಂಡು ಸಾರಥಿ ಬೃಹನ್ನಳೆಯ, ಅಂದರೆ ವೇಷ ಮರೆಸಿಕೊಂಡ ಅರ್ಜುನನ ಓಟ. ಸಿಕ್ಕಿಬಿದ್ದ ರಾಜಕುಮಾರ ಚಿನ್ನ ಕೊಡುತ್ತೇನೆ, ಆನೆ ಕೊಡುತ್ತೇನೆ, ಬಿಟ್ಟುಬಿಡು ಎಂದು ಗೋಗರೆಯುವಾಗ ನಗದೆ ಕೂತವರನ್ನು ನಾನು ಕಂಡಿಲ್ಲ. ಕುಮಾರವ್ಯಾಸನೂ ಈ ಭಾಗವನ್ನು ಮನಸಾರೆ ಬರೆದಿದ್ದಾನೆ. ನಮ್ಮ ಅಡುಗೆಮನೆಗಳಲ್ಲಂತೂ ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಇವತ್ತಿಗೂ ದಿನಕ್ಕೊಮ್ಮೆ ಕೇಳುತ್ತದೆ.

ನನಗೆ ಬೇಸರವಾಗುವುದು ಎಲ್ಲರೂ ಅಲ್ಲಿಗೇ ಎದ್ದು ಹೋಗುತ್ತಾರಲ್ಲ ಎಂದು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮರದ ಮೇಲೆ ಹೆಣ ಕಟ್ಟಿದೆಯಂತೆ, ನಾನು ಹೇಗೆ ಮುಟ್ಟಲಿ ಎಂದು ಹಿಂದೆಗೆದವನು ಕೊನೆಗೆ ಶಮೀವೃಕ್ಷ ಹತ್ತುತ್ತಾನೆ. ಆಯುಧಗಳ ಕಟ್ಟು ಇಳಿಸಿಕೊಡುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ಯಾವ ಸೇನೆಯನ್ನು ಕಂಡು ಓಡಿದ್ದನೋ ಅದೇ ಸೇನೆಯ ನಡುವೆ ಅರ್ಜುನನ ರಥ ನಡೆಸುತ್ತಾನೆ. ಗೆದ್ದು ಊರಿಗೆ ಮರಳುವಾಗ, ಗೆದ್ದವನು ನೀನೇ ಎಂದು ಹೇಳಿಕೋ ಎನ್ನುತ್ತಾನೆ ಅರ್ಜುನ. ಕೊಚ್ಚಿಕೊಳ್ಳುವುದೇ ಚಾಳಿಯಾಗಿದ್ದ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸಲು ಸಾಧ್ಯವೇ? ಆದರೆ ಅಪ್ಪನ ಎದುರು ನಿಂತು ಅವನು, ಗೆದ್ದದ್ದು ನಾನಲ್ಲ, ಓಡಿಹೋಗುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದ ಒಬ್ಬ ದೇವಪುತ್ರ ಎಂದು ಹೇಳುತ್ತಾನೆ. ಅಷ್ಟೇ ಅಲ್ಲ. ಮಗನ ಬದಲು ಬೃಹನ್ನಳೆಯನ್ನು ಹೊಗಳಿದನೆಂಬ ಸಿಟ್ಟಿಗೆ ವಿರಾಟ ದಾಳ ಎಸೆದು ಕಂಕನ ವೇಷದಲ್ಲಿದ್ದ ಧರ್ಮರಾಯನ ಮುಖದಲ್ಲಿ ರಕ್ತ ಬರಿಸಿದ್ದಾನೆ. ಅದನ್ನು ಕಂಡೊಡನೆ, ಇದು ತಪ್ಪು, ಇವರನ್ನು ಸಮಾಧಾನ ಮಾಡು ಎಂದು ರಾಜನಿಗೆ ಹೇಳುವವನೂ ಇದೇ ಉತ್ತರ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆಯ ಮೇಲೆ ಕೂತು ಶಲ್ಯನನ್ನು ಎದುರಿಸುತ್ತಾನೆ, ಅವನ ಕುದುರೆಗಳನ್ನು ಕೆಡವುತ್ತಾನೆ, ಅವನ ಕೈಯಲ್ಲೇ ಸಾಯುತ್ತಾನೆ. ಪಾಂಡವರ ಋಣ ತೀರಿಸಲು ಮೊದಲ ದಿನವೇ ಪ್ರಾಣ ಕೊಟ್ಟ ಹುಡುಗನನ್ನು ಒಲೆಯ ಮುಂದೆ ಕೂರಿಸಿ ಶತಮಾನಗಳೇ ಕಳೆದವು. ಒಂದು ಸಲ ಹೆದರಿದ್ದನ್ನು ಜನ ಕಂಡರೆ ಆಯಿತು, ಆಮೇಲೆ ಏನು ಮಾಡಿದರೂ ಆ ಹೆಸರು ಅಳಿಯುವುದಿಲ್ಲ.

ಯಾಕೆ ಹೀಗೆ ಎಂದು ಯೋಚಿಸುತ್ತ ಹೋದರೆ, ನಾವು ಪುಕ್ಕಲುತನವನ್ನು ಅಳೆಯುವುದು ಮೈನೋಡಿ ಎಂದು ಕಾಣುತ್ತದೆ. ದನಿ ನಡುಗಿತು, ಅಂಗೈ ಬೆವರಿತು, ಕಣ್ಣು ನೆಲ ನೋಡಿತು. ತೀರ್ಮಾನ ಆಗಿಯೇ ಹೋಯಿತು. ಶಾಲೆಯಲ್ಲಿ ಎದ್ದುನಿಂತು ಉತ್ತರ ಹೇಳಲಾರದ ಹುಡುಗನಿಗೆ ಉತ್ತರ ಗೊತ್ತಿರಬಹುದೆಂದು ಯಾರೂ ಎಣಿಸುವುದಿಲ್ಲ. ಅದೇ ಅಳುಕು ಹುಡುಗಿಯಲ್ಲಿದ್ದರೆ ಒಳ್ಳೆಯ ಗುಣ ಎನ್ನುತ್ತಾರೆ, ಮದುವೆಯ ಮಾತುಕತೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವಳು ಒಂದು ಸಲ ದನಿಯೇರಿಸಿ ಮಾತಾಡಿದರೆ ಗಂಡುಬೀರಿ. ಅಂಜಿದ ಹುಡುಗ ಹೆಣ್ಣಿಗ. ಇವೆರಡು ಬೈಗುಳಗಳ ನಡುವೆ ಎಷ್ಟು ಮಕ್ಕಳು ನಲುಗಿದ್ದಾರೋ. ಇನ್ನು ಮೆತ್ತಗಿದ್ದವನಿಗೆ ಮತ್ತೊಂದು ಗುದ್ದು ಎಂಬ ಮಾತಂತೂ ಬಸ್ಸಿನ ಸೀಟಿನಿಂದ ಹಿಡಿದು ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿಯವರೆಗೆ ಎಲ್ಲ ಕಡೆಯೂ ನಡೆಯುತ್ತದೆ. ಅಂಜುವವನನ್ನು ಕಂಡರೆ ನಮಗೆ ಕರುಣೆಗಿಂತ ಮೊದಲು ಅವಕಾಶ ಕಾಣುತ್ತದೆ. ಇದು ನಮ್ಮ ಸಮಾಜದ ಒಳ್ಳೆಯ ಲಕ್ಷಣವಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ.

ಮೈನೋಡಿ ಅಳೆದಿದ್ದರೆ ಮೋಹನದಾಸ ಗಾಂಧಿ ಎಂಬ ಯುವಕನ ಗತಿ ಏನಾಗುತ್ತಿತ್ತು? ಚಿಕ್ಕಂದಿನಲ್ಲಿ ಕತ್ತಲೆಂದರೆ ಭಯ. ದೆವ್ವ, ಕಳ್ಳರು, ಹಾವು ಎಲ್ಲದರ ಭಯ. ಮನೆಯ ಕೆಲಸದ ರಂಭಾ ಆ ಭಯಕ್ಕೆ ರಾಮನಾಮದ ಮದ್ದು ಹೇಳಿಕೊಟ್ಟಳು. ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘದ ಸಭೆಗಳಲ್ಲಿ ಬಾಯಿ ಬರುತ್ತಿರಲಿಲ್ಲ. ಬರೆದುಕೊಂಡು ಹೋದ ಭಾಷಣವನ್ನು ಓದಲೂ ಆಗದೆ ಬೇರೆಯವರು ಓದಬೇಕಾಯಿತು. 1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದವರು ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ ಹಿಡಿದರು. ಫೀಸು 30 ರೂಪಾಯಿ. ಪಾಟೀಸವಾಲು ಮಾಡಲು ಎದ್ದುನಿಂತರೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ನನ್ನಿಂದಾಗದು, ಬೇರೆ ವಕೀಲರನ್ನು ನೇಮಿಸಿಕೊಳ್ಳಿ ಎಂದು ಹೇಳಿ ಫೀಸು ಹಿಂದಿರುಗಿಸಿ ಹೊರನಡೆದರು. ಇವೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿಟ್ಟ ಸಂಗತಿಗಳು. ಅಂದು ಕೋರ್ಟಿನಲ್ಲಿ ಕೂತಿದ್ದ ಗುಮಾಸ್ತರು ಏನೆಂದುಕೊಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಅಂಜಿಕೆಗೆ ಬೆಲೆ ತೆತ್ತವರು ಗಾಂಧಿಯೇ. ಕಕ್ಷಿದಾರಳ ಹಣ ಅವಳ ಕೈ ಸೇರಿತು, ಅವಳಿಗೆ ಬೇರೆ ವಕೀಲ ಸಿಕ್ಕಿದ. ಬಾಯಿ ಬಾರದಿದ್ದರೂ ಹೇಗೋ ಎಳೆದು, ಮೊಕದ್ದಮೆ ಹಾಳುಮಾಡಿ, ಫೀಸು ಜೇಬಿಗಿಳಿಸಿದ್ದರೆ ಅವರನ್ನು ಧೈರ್ಯಸ್ಥ ಎನ್ನುತ್ತಿದ್ದೆವೇನೋ. ಅದೇ ಯುವಕ 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ತಳ್ಳಿಸಿಕೊಂಡು, ಚಳಿಯಲ್ಲಿ ಕೂತು, ಭಾರತಕ್ಕೆ ಮರಳಲೋ ಇಲ್ಲೇ ನಿಂತು ಹೋರಾಡಲೋ ಎಂದು ಯೋಚಿಸಿ ನಿಂತುಕೊಂಡರು. 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕೂತಾಗ ದನಿ ಏರಿರಲಿಲ್ಲ, ಆದರೆ ದೇಶ ಕೇಳುತ್ತಿತ್ತು. ಮಾತಿನ ಸಂಕೋಚವೇ ತನಗೆ ಮಿತವಾಗಿ ಮಾತಾಡುವುದನ್ನು ಕಲಿಸಿತು ಎಂದು ಮುಂದೆ ಅವರು ಆ ಸಂಕೋಚಕ್ಕೆ ಕೃತಜ್ಞರಾಗಿದ್ದರು. ಹೇಡಿತನವನ್ನಂತೂ ಅವರು ಎಂದೂ ಕ್ಷಮಿಸಲಿಲ್ಲ. ಹೇಡಿತನ, ಹಿಂಸೆ ಇವೆರಡರಲ್ಲೇ ಒಂದನ್ನು ಆರಿಸಬೇಕಾಗಿ ಬಂದರೆ ಹಿಂಸೆಯೇ ಆಗಲಿ ಎಂದು 1920ರಲ್ಲಿ ಬರೆದವರು ಅವರು. ನಾಚುವವನಿಗೂ ಹೇಡಿಗೂ ಇರುವ ಅಂತರ ಅವರಿಗೆ ಸ್ವಂತ ಮೈಯಿಂದಲೇ ತಿಳಿದಿತ್ತು.

ಲಾಲ್ ಬಹಾದ್ದೂರ್ ಶಾಸ್ತ್ರಿಯವರದೂ ಹೆಚ್ಚು ಕಡಿಮೆ ಇದೇ ಕಥೆ. ಕುಳ್ಳ ಮೈಕಟ್ಟು, ಮೆಲುದನಿ, ಪಂಚೆ. 1964ರಲ್ಲಿ ನೆಹರೂ ನಂತರ ಪ್ರಧಾನಿಯಾದಾಗ ಇವರಿಂದಾದೀತೇ ಎಂದು ದೇಶದೊಳಗೇ ಅನುಮಾನ. ಗಡಿಯಾಚೆ ಅಯೂಬ್ ಖಾನರಂತೂ ತೀರ ಹಗುರವಾಗಿ ಎಣಿಸಿದರು. 1965ರ ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರಿನ ದಿಕ್ಕಿಗೆ ಗಡಿ ದಾಟಿದಾಗ ಆ ಎಣಿಕೆ ಉರುಳಿತು. ಆದರೆ ಶಾಸ್ತ್ರಿಯವರ ಗಟ್ಟಿತನ ನೋಡಬೇಕಾದವರು 1956ರಲ್ಲೇ ನೋಡಬಹುದಿತ್ತು. ಅರಿಯಲೂರಿನ ರೈಲು ದುರಂತವಾದಾಗ ರೈಲ್ವೆ ಮಂತ್ರಿಯಾಗಿದ್ದ ಅವರು ಹೊಣೆ ಹೊತ್ತು ಕುರ್ಚಿ ಬಿಟ್ಟರು. ಆಲಮಟ್ಟಿಯ ಜಲಾಶಯಕ್ಕೆ ಅವರ ಹೆಸರಿಟ್ಟದ್ದು ನನಗೆ ಯಾವಾಗಲೂ ಸಂತೋಷ ಕೊಡುವ ವಿಷಯ.

ರಾಜಕೀಯದಿಂದ ಕ್ರಿಕೆಟ್ಟಿಗೆ ಬರೋಣ, ಯಾಕೆಂದರೆ ಪುಕ್ಕಲ ಎಂಬ ಬಿರುದನ್ನು ನಾವು ಎಲ್ಲಕ್ಕಿಂತ ಬೇಗ ಹಂಚುವುದು ಅಲ್ಲೇ. 2007ರ ಆಗಸ್ಟ್. ಲಂಡನ್ನಿನ ಓವಲ್ ಮೈದಾನ. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ನಾಯಕ. ಸರಣಿಯಲ್ಲಿ ಭಾರತ 1-0 ಮುಂದಿದೆ. ಕೊನೆಯ ಟೆಸ್ಟಿನಲ್ಲಿ 664 ರನ್ ಪೇರಿಸಿದೆ. ಅನಿಲ್ ಕುಂಬ್ಳೆ ಟೆಸ್ಟ್ ಬದುಕಿನ ಏಕೈಕ ಶತಕ ಬಾರಿಸಿದ್ದು ಅಲ್ಲೇ. ಇಂಗ್ಲೆಂಡ್ 345ಕ್ಕೆ ಮುಗಿಯಿತು. ಮುನ್ನಡೆ 319. ಎಲ್ಲರೂ ಫಾಲೋ ಆನ್ ಕೊಡುತ್ತಾರೆಂದು ಕಾದರೆ ದ್ರಾವಿಡ್ ಮತ್ತೆ ಬ್ಯಾಟಿಂಗ್ ಮಾಡಿದರು. ಮೊದಲ ಮೂರು ವಿಕೆಟ್ ಹನ್ನೊಂದೇ ರನ್ನಿಗೆ ಬಿದ್ದವು. ಆಗ ಸ್ವತಃ ದ್ರಾವಿಡ್ ಕಂಬದಂತೆ ನಿಂತು 96 ಎಸೆತಗಳಲ್ಲಿ 12 ರನ್ ಮಾಡಿದರು. ಪಂದ್ಯ ಡ್ರಾ ಆಯಿತು.

ಮರುದಿನ ನಮ್ಮ ಬೀದಿಯ ಕಟ್ಟೆಯಲ್ಲಿ ಕೇಳಬೇಕಿತ್ತು. "ಎಂಥ ಪುಕ್ಕಲು ನಾಯಕ ಮಾರಾಯ, ಗೆಲ್ಲೋ ಮ್ಯಾಚು ಬಿಟ್ಟುಕೊಟ್ಟ" ಎಂದು ಗೆಳೆಯನೊಬ್ಬ ಸಂಜೆಯವರೆಗೆ ಕುದಿಯುತ್ತಿದ್ದ. ಟಿವಿಯಲ್ಲೂ ಪತ್ರಿಕೆಗಳಲ್ಲೂ ಅದೇ ಮಾತು. ನನ್ನ ಅಭಿಪ್ರಾಯ ಅಂದೂ ಬೇರೆ, ಇಂದೂ ಬೇರೆ. ಬೌಲರುಗಳು ದಣಿದಿದ್ದರು. ಮತ್ತೆ ಅವರ ಕೈಗೇ ಚೆಂಡು ಕೊಟ್ಟು, ಇಂಗ್ಲೆಂಡ್ ದೊಡ್ಡ ಮೊತ್ತ ಹೊಡೆದು, ಕೊನೆಯ ದಿನ ಸವೆದ ಪಿಚ್ಚಿನ ಮೇಲೆ ಭಾರತ ಕುಸಿದಿದ್ದರೆ ಸರಣಿಯೇ ಸಮವಾಗುತ್ತಿತ್ತು. 1986ರ ಬಳಿಕ ಇಂಗ್ಲೆಂಡಿನಲ್ಲಿ ನಾವು ಒಂದೂ ಸರಣಿ ಗೆದ್ದಿರಲಿಲ್ಲ. ಇಪ್ಪತ್ತೊಂದು ವರ್ಷದ ನಂತರ ಕೈಗೆ ಬಂದದ್ದನ್ನು ಅವರು ಜೋಪಾನ ಮಾಡಿದರು. ಅದಕ್ಕೆ ತೆತ್ತದ್ದೇನು? ತಮ್ಮದೇ ಹೆಸರು, ಅಷ್ಟೆ. ತಂಡಕ್ಕೆ ಸರಣಿ, ನಾಯಕನಿಗೆ ಬೈಗುಳ. ಕೋಟಿ ಜನ ಬೈಯುತ್ತಾರೆಂದು ಗೊತ್ತಿದ್ದೂ 96 ಎಸೆತ ಕುಟ್ಟುತ್ತ ನಿಲ್ಲಲು ಬೇಕಾದ ಎದೆಗಾರಿಕೆ, ಜನ ಚಪ್ಪಾಳೆ ತಟ್ಟುತ್ತಾರೆಂದು ಸಿಕ್ಸರ್ ಎತ್ತುವವನಿಗೆ ಬೇಕಾಗುವುದಿಲ್ಲ. ಮರು ತಿಂಗಳೇ ಅವರು ನಾಯಕತ್ವ ಬಿಟ್ಟುಕೊಟ್ಟರು.

ಹೀಗೆ ನೋಡುತ್ತ ಬಂದಾಗ ನನಗೆ ಒಂದು ಅಳತೆಗೋಲು ಸಿಕ್ಕಿದೆ. ಒಬ್ಬ ಅಂಜಿದ ಎಂದು ಯಾರಾದರೂ ಹೇಳಿದರೆ, ಆ ಅಂಜಿಕೆಯ ಬೆಲೆ ತೆತ್ತವರು ಯಾರು ಎಂದು ಕೇಳುತ್ತೇನೆ. ಅಂಜಿದವನೇ ತೆತ್ತಿದ್ದರೆ ಅವನನ್ನು ಅವನ ಪಾಡಿಗೆ ಬಿಡೋಣ. ಬೇರೆಯವರು ತೆತ್ತಿದ್ದರೆ ಆಗ ಮಾತಾಡಲೇಬೇಕು, ಅಂಜಿದವರು ಎಷ್ಟೇ ಎತ್ತರದ ಪೀಠದಲ್ಲಿದ್ದರೂ.

ಎತ್ತರದ ಪೀಠ ಎಂದಾಗ 1976 ನೆನಪಾಗುತ್ತದೆ. ಅದರ ಒಂದು ಎಳೆ ಬೆಂಗಳೂರಿನಿಂದಲೇ ಹೊರಡುತ್ತದೆ. ತುರ್ತು ಪರಿಸ್ಥಿತಿ ಹೇರಿದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರನ್ನು ಇಲ್ಲೇ ಬಂಧಿಸಿ ಸೆರೆಮನೆಯಲ್ಲಿಟ್ಟರು. ಅವರು ನಮ್ಮ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬಂಧನ ಕಾನೂನಿನ ಪ್ರಕಾರ ನಡೆದಿದೆಯೇ ಎಂದು ಪರಿಶೀಲಿಸುವ ಅಧಿಕಾರ ತನಗಿದೆ ಎಂದು ಕರ್ನಾಟಕ ಹೈಕೋರ್ಟ್ ಹೇಳಿತು. ಹೀಗೆ ಹೇಳಿದ ಒಂಬತ್ತು ಹೈಕೋರ್ಟುಗಳಲ್ಲಿ ನಮ್ಮದೂ ಒಂದೆಂಬುದು ಕನ್ನಡಿಗರು ಮರೆಯಬಾರದ ವಿಷಯ. 1976ರಲ್ಲಿ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ದೂರದ ರಾಜ್ಯಗಳಿಗೆ ವರ್ಗ ಮಾಡಲಾಯಿತು.

ಪ್ರಕರಣಗಳೆಲ್ಲ ಸುಪ್ರೀಂ ಕೋರ್ಟಿಗೆ ಹೋದವು. ಎಡಿಎಂ ಜಬಲ್ಪುರ ಎಂದೇ ಹೆಸರಾದ ಮೊಕದ್ದಮೆ. ಪೀಠದಲ್ಲಿ ಐವರು. ವಿಚಾರಣೆಯ ನಡುವೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಸರ್ಕಾರದ ಅಟಾರ್ನಿ ಜನರಲ್ಲರನ್ನು ಕೇಳಿದರು: ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. ಆ ಉತ್ತರ ಕೇಳಿಯೂ 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಬೇರೆ ಬರೆದರು. ಈ ತೀರ್ಪು ನನಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿಸುತ್ತದೆ ಎಂದು ಅವರು ಮೊದಲೇ ಹರಿದ್ವಾರದಲ್ಲಿ ತಂಗಿಯ ಬಳಿ ಹೇಳಿದ್ದರು. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರನ್ನು ಆ ಪೀಠಕ್ಕೇರಿಸಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಅದೇ ತಿಂಗಳು, ಬೆಂಗಳೂರಿನ ಸೆರೆಮನೆಯಿಂದ ಆರೋಗ್ಯ ಕೆಟ್ಟು ಹೊರಬಂದಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ತೀರಿಕೊಂಡರು.

ಆ ನಾಲ್ವರಲ್ಲಿ ಯಾರ ಕೈಯೂ ಸಹಿ ಹಾಕುವಾಗ ನಡುಗಿದ ಹಾಗೆ ಯಾರಿಗೂ ಕಾಣಲಿಲ್ಲ. ಮಹಾ ವಿದ್ವಾಂಸರು, ಮಾತುಬಲ್ಲವರು, ಗಂಭೀರರು. ಬೀದಿಯಲ್ಲಿ ಅವರನ್ನು ಕಂಡವರು ಪುಕ್ಕಲರೆಂದು ಎಣಿಸಲು ಸಾಧ್ಯವೇ ಇರಲಿಲ್ಲ. ಬೆಲೆ ತೆತ್ತವರು ಮಾತ್ರ ದೇಶದ ಸೆರೆಮನೆಗಳಲ್ಲಿದ್ದ ಸಾವಿರಾರು ಜನ. ಹಾಗೆಂದು ಆ ನಾಲ್ವರನ್ನು ಶಾಶ್ವತವಾಗಿ ಒಂದು ಗಾದೆಗೆ ಕಟ್ಟಿಹಾಕಲೂ ನನಗೆ ಮನಸ್ಸಿಲ್ಲ. ಅವರಲ್ಲೊಬ್ಬರಾದ ಪಿ. ಎನ್. ಭಗವತಿ ಮುಂದೆ ಬಡವರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಜೀತದಾಳುಗಳಿಗೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆದರು. 2011ರಲ್ಲಿ, ಅಂದಿನ ತೀರ್ಪು ತಪ್ಪಾಗಿತ್ತು ಎಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಮೂವತ್ತೈದು ವರ್ಷ ತಡವಾದರೂ ಆ ಮಾತಿಗೂ ಧೈರ್ಯ ಬೇಕು. 2017ರಲ್ಲಿ ಆ ತೀರ್ಪನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿತು. ಹಾಗೆ ಮಾಡಿಸಿದ ಖಾಸಗಿತನದ ಅರ್ಜಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು.

ಇಷ್ಟು ದೊಡ್ಡ ಮಟ್ಟದಲ್ಲಿ ನಡೆಯುವುದು ಅಪರೂಪ. ದಿನನಿತ್ಯ ನಡೆಯುವುದು ಕಚೇರಿಗಳಲ್ಲಿ. ನಮ್ಮ ಸರ್ಕಾರಿ ಕಡತಗಳಲ್ಲಿ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂಬ ಸಾಲು ಕೆಳಗಿನ ಮೇಜಿನಿಂದ ಮೇಲಿನ ಮೇಜಿಗೆ ಏರುತ್ತದೆ. ಮೇಲಿನಿಂದ "ನಿಯಮಾನುಸಾರ ಕ್ರಮ ವಹಿಸಿ" ಎಂದು ಇಳಿಯುತ್ತದೆ. ಏರಿ ಇಳಿಯುವಷ್ಟರಲ್ಲಿ ವರ್ಷ ತಿರುಗುತ್ತದೆ. ಎಲ್ಲವೂ ಅಚ್ಚುಕಟ್ಟು, ಯಾರ ಮೇಲೂ ತಪ್ಪಿಲ್ಲ. ವಿಧವಾ ವೇತನಕ್ಕೆ ಅರ್ಜಿ ಹಾಕಿದ ಹೆಂಗಸು ಮಾತ್ರ ತಾಲ್ಲೂಕು ಕಚೇರಿಯ ಜಗಲಿಯಲ್ಲೇ ಕೂತಿರುತ್ತಾಳೆ. ಈ ಅಂಜಿಕೆಗೂ ಕಾರಣ ಇಲ್ಲದಿಲ್ಲ. ಲಂಚ ಮುಟ್ಟದ ಅಧಿಕಾರಿಯೂ, ತನ್ನ ಒಂದು ನಿರ್ಧಾರದಿಂದ ಇನ್ಯಾರಿಗೋ ಲಾಭವಾಯಿತೆಂಬ ಕಾರಣಕ್ಕೆ ಕಟಕಟೆ ಹತ್ತಬಹುದಾದ ಕಲಮು ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿತ್ತು. 2018ರಲ್ಲಿ ಅದನ್ನು ತೆಗೆದರು. ಆದರೆ ಅಭ್ಯಾಸ ಹೋಗಲಿಲ್ಲ. ನಮ್ಮ ರಾಜ್ಯದ ಸಕಾಲ ಕಾಯ್ದೆ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಹೇಳಿದ ಗಡುವಿನೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಅರ್ಜಿದಾರನಿಗೆ. ಮೊತ್ತ ತೀರ ಸಣ್ಣದು. ಎಷ್ಟು ಜನ ಕೇಳಿ ಪಡೆಯುತ್ತಾರೆಂಬುದೂ ಬೇರೆ ಮಾತು. ಆದರೆ ತಡಮಾಡಿದ ಮೇಜು ಬೆಲೆ ತೆರಬೇಕು ಎಂಬ ವಿಚಾರ ಕಾನೂನಿನ ಪುಸ್ತಕಕ್ಕೆ ಬಂತಲ್ಲ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು.

ಇನ್ನೊಂದು ತುದಿಯಲ್ಲಿ ಹಳ್ಳಿಯ ಜನ. ಹಾವೇರಿ ಕಡೆಯ ಒಂದು ಗ್ರಾಮಸಭೆಯಲ್ಲಿ ಮನೆ ಹಂಚಿಕೆಯ ಪಟ್ಟಿ ಓದಿದರು. ಮಹಡಿ ಮನೆಯವರ ಹೆಸರೂ ಅದರಲ್ಲಿತ್ತು. ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ಕೈ ಮೇಲೇಳಲಿಲ್ಲ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ, ಪ್ರತಿ ಮಳೆಗಾಲದಲ್ಲೂ ಮನೆ ಸೋರುವ ಒಬ್ಬ ಹೆಣ್ಣುಮಗಳನ್ನು ಆಮೇಲೆ ಕೇಳಿದೆ, "ಯಾಕವ್ವಾ, ನೀವು ಏಳಬಹುದಿತ್ತಲ್ಲ?" ಆಕೆ ನನ್ನನ್ನು ಸಮಾಧಾನಪಡಿಸುವ ದನಿಯಲ್ಲೇ ಹೇಳಿದಳು, "ನಾಳೆ ಅವರ ಹೊಲಕ್ಕ ಕೂಲಿಗೆ ಹೋಗಬೇಕಲ್ರೀ ಅಣ್ಣಾರ." ಪೇಟೆಯಿಂದ ಬಂದವರು ಇಂಥ ಕಡೆ, ಈ ಜನಕ್ಕೆ ಧೈರ್ಯವೇ ಇಲ್ಲ, ಅದಕ್ಕೇ ಊರು ಹೀಗಿದೆ ಎಂದು ಹೇಳಿ ಕಾರು ಹತ್ತುವುದುಂಟು. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಆಕೆ ಎದ್ದು ಮಾತಾಡಿದ್ದರೂ ಬೆಲೆ ತೆರುವವಳು ಆಕೆಯೇ, ಸುಮ್ಮನೆ ಕೂತರೂ ಆಕೆಯೇ. ಇನ್ನೊಬ್ಬರ ಕೂಲಿಯನ್ನು ಪಣಕ್ಕಿಟ್ಟು ಧೈರ್ಯದ ಪಾಠ ಹೇಳುವ ಹಕ್ಕು ನಮಗೆ ಯಾರು ಕೊಟ್ಟರು?

ಈ ಸತ್ಯವನ್ನು ಚೆನ್ನಾಗಿ ಅರಿತದ್ದು ನಮ್ಮ ಚುನಾವಣೆ. ಗುಪ್ತ ಮತದಾನ ಎಂಬ ಏರ್ಪಾಡೇ, ಮನುಷ್ಯ ಅಂಜುತ್ತಾನೆ, ಅಂಜಿದರೂ ಅವನ ಮಾತು ಲೆಕ್ಕಕ್ಕೆ ಬರಬೇಕು ಎಂಬ ಗೌರವದಿಂದ ನಿಂತಿದೆ. ಧಣಿಯ ಎದುರು ತಲೆಯೆತ್ತದವರೂ ರಟ್ಟಿನ ಮರೆಯಲ್ಲಿ ಧಣಿಗೆ ಸಮ. ಅದರಲ್ಲೂ ಒಂದು ಸಂದು ಉಳಿದಿತ್ತು. ಯಾರಿಗೂ ಮತ ಬೇಡವೆನ್ನುವವರು 49-ಒ ನಿಯಮದ ಪ್ರಕಾರ ಮತಗಟ್ಟೆಯ ಅಧಿಕಾರಿಗೆ ಹೇಳಿ, ಪುಸ್ತಕದಲ್ಲಿ ದಾಖಲಿಸಿ, ಸಹಿ ಹಾಕಬೇಕಿತ್ತು. ಊರಿಗೆಲ್ಲ ಗೊತ್ತಾಗುತ್ತಿತ್ತು. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್, ಬೇಡ ಎನ್ನುವವರಿಗೂ ಗುಟ್ಟಿನ ರಕ್ಷಣೆ ಬೇಕು ಎಂದು ಹೇಳಿ ನೋಟಾ ಗುಂಡಿ ಇಡಿಸಿತು.

ಐದು ವರ್ಷಕ್ಕೊಮ್ಮೆ ಸಿಗುವ ಆ ಮರೆ ಗ್ರಾಮಸಭೆಯಲ್ಲಿ ಯಾಕೆ ಸಿಗಬಾರದು? ಸಭೆಗೆ ಒಂದು ವಾರ ಮೊದಲು ಅಂಗನವಾಡಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಒಂದು ಪೆಟ್ಟಿಗೆ ಇಡಲಿ. ತಕರಾರು ಇದ್ದವರು ಹೆಸರಿಲ್ಲದ ಚೀಟಿ ಹಾಕಲಿ. ಬರೆಯಲು ಬಾರದವರಿಗೆ ಶಾಲೆಯ ಮಕ್ಕಳು ಬರೆದುಕೊಡಲಿ. ಅಧ್ಯಕ್ಷರು ಸಭೆಯಲ್ಲಿ ಎಲ್ಲ ಚೀಟಿಗಳನ್ನೂ ಗಟ್ಟಿಯಾಗಿ ಓದಲಿ, ಒಂದೊಂದಕ್ಕೂ ಕೊಟ್ಟ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಅನುದಾನವೂ ಬೇಡ. ಮನಸ್ಸಿರುವ ಒಬ್ಬ ಪಿಡಿಒ ಇದ್ದರೆ ಮುಂದಿನ ಸಭೆಗೇ ಶುರು ಮಾಡಬಹುದು.